ತೋಳ ಇದೆ, ಹೆಬ್ಬಕ ಇಲ್ಲ

ಸರ್ಕಾರದ ನಮೂನೆಗಳನ್ನು ತುಂಬುವುದರಲ್ಲೇ ನನ್ನ ನೌಕರಿಯ ಅರ್ಧ ಕಾಲ ಹೋಗಿದೆ. ಎಲ್ಲವನ್ನೂ ಬೈದುಕೊಂಡೇ ತುಂಬಿದ್ದೇನೆ, ತುಂಬಿದ ಮರುದಿನ ಮರೆತಿದ್ದೇನೆ. ಒಂದನ್ನು ಮಾತ್ರ ಮರೆಯಲಾಗಿಲ್ಲ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಎಂಬುದು ತಿಳಿಯದೆ ಇನ್ನಷ್ಟು ಉರಿಯುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಊರನ್ನು ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ, ಮನೆಯಲ್ಲಿ ನಾನು ಮತ್ತು ಅವ್ವ. ಕಾಡುಪ್ರಾಣಿಗಳನ್ನು ಕಾಯುವ ಹೊಸ ಕಾಯ್ದೆ ಬಂದು ಎರಡು ಮೂರು ವರ್ಷವಾಗಿತ್ತು. ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಎಂದು ಕಾಯ್ದೆಯಲ್ಲಿ ಪಟ್ಟಿ ಮಾಡಿದ್ದರು. ಮೊದಲ ಪಟ್ಟಿಯಲ್ಲಿದ್ದವುಗಳನ್ನು ಯಾರೂ ಬೇಟೆಯಾಡುವಂತಿರಲಿಲ್ಲ. ಒಂದು ದಿನ ನಮ್ಮ ಪ್ರಾಂಶುಪಾಲರು ನನ್ನ ಮೇಜಿನ ಮೇಲೆ ಒಂದು ಉದ್ದನೆಯ ಕಾಗದ ಇಟ್ಟರು. ಒಂದು ಕಚೇರಿಯಿಂದ ಬಂದದ್ದು. ಕಚೇರಿಯ ಹೆಸರು ಬೇಡ, ಅಲ್ಲಿದ್ದವರೂ ಹೊಟ್ಟೆಪಾಡಿನ ಜನ. ಜಿಲ್ಲೆಯ ಒಂದು ಮೃಗ, ಒಂದು ಪಕ್ಷಿ ಆರಿಸಿ, ಎರಡನ್ನೂ ಅಕ್ಕಪಕ್ಕದ ಅಂಕಣದಲ್ಲಿಟ್ಟು, ವರ್ಗೀಕರಣ ಬರೆದು, ಕಾಯ್ದೆಯಲ್ಲಿ ಅವುಗಳ ಸ್ಥಾನ ಯಾವುದು, ನೆಲದ ಮೇಲೆ ಅವುಗಳ ಸ್ಥಿತಿ ಏನು ಎಂದು ಹೋಲಿಸಿ ಕಳಿಸಬೇಕಿತ್ತು.

“ಒಂದು ತಾಸಿನ ಕೆಲಸ, ಮಾಡಿ ಒಗೀರಿ” ಎಂದರು ಪ್ರಾಂಶುಪಾಲರು. ಆ ಒಂದು ತಾಸು ನನ್ನನ್ನು ಎರಡು ವರ್ಷ ತಿಂದಿತು.

ಮೃಗಕ್ಕೆ ನಾನು ತೋಳವನ್ನು ಆರಿಸಿದೆ. ಪಕ್ಷಿಗೆ ಎರಿಭೂತವನ್ನು. ಎರಿ ಎಂದರೆ ನಮ್ಮ ಕಡೆಯ ಕಪ್ಪು ಮಣ್ಣಿನ ಹೊಲ. ಈ ಹಕ್ಕಿ ಸೊಂಟದೆತ್ತರ ಇರುತ್ತದೆ, ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಬೆಳಿಗ್ಗೆ ಬಟ್ಟಬಯಲಿನಲ್ಲಿ ಕತ್ತೆತ್ತಿ ನಿಂತರೆ ದೂರದಿಂದ ಯಾರೋ ಮನುಷ್ಯ ನಿಂತ ಹಾಗೆ ಕಾಣುತ್ತದೆ. ಹತ್ತಿರ ಹೋಗುವಷ್ಟರಲ್ಲಿ ಹುಲ್ಲಿನಲ್ಲಿ ಮಾಯ. ಅದಕ್ಕೇ ಆ ಹೆಸರು. ಇದಕ್ಕಿಂತ ಸರಿಯಾದ ಹೆಸರು ಯಾವ ಪಂಡಿತನೂ ಇಡಲಾರ.

ವರ್ಗೀಕರಣದಲ್ಲಿ ಎರಡಕ್ಕೂ ಬೆನ್ನೆಲುಬು ಇದೆ ಎನ್ನುವುದೊಂದು ಬಿಟ್ಟರೆ ಸಂಬಂಧವೇ ಇಲ್ಲ. ತೋಳ ಸಸ್ತನಿ, ಮಾಂಸಾಹಾರಿಗಳ ಗಣ, ನಾಯಿಯ ಕುಟುಂಬ. ಎರಿಭೂತವನ್ನು ಆಗಿನ ಪುಸ್ತಕಗಳು ಕೊಕ್ಕರೆಯಂಥ ಉದ್ದಕಾಲಿನ ಕ್ರೌಂಚಗಳ ಗಣದಲ್ಲಿ ಸೇರಿಸಿದ್ದವು. ನೀರಿನ ಮುಖ ನೋಡದೆ ಬಯಲಿನಲ್ಲೇ ಬದುಕುವ ಹಕ್ಕಿಯನ್ನು ಅಲ್ಲಿ ಯಾಕೆ ಸೇರಿಸಿದರೋ, ನನಗೆ ಆಗಲೂ ಸಮಾಧಾನ ಇರಲಿಲ್ಲ. ಆದರೆ ಕಾಯ್ದೆಯಲ್ಲಿ ಮಾತ್ರ ಎರಡೂ ಒಂದೇ ಕಡೆ, ಮೊದಲ ಪಟ್ಟಿಯಲ್ಲಿ.

ಇದಿಷ್ಟೇ ಆಗಿದ್ದರೆ ನಾನೂ ಒಂದು ತಾಸಿನಲ್ಲಿ ಮುಗಿಸಿ ಚಹಾ ಕುಡಿಯಲು ಹೋಗುತ್ತಿದ್ದೆ. ಕಾಗದದ ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಆ ವರ್ಷ ಬರಡು ನೆಲದಲ್ಲೆಲ್ಲ ನೀಲಗಿರಿ ನೆಡುವ ಯೋಜನೆ ಬಂದಿತ್ತು. ಮೊದಲ ಪಟ್ಟಿಯ ಪ್ರಾಣಿ ಮರಿ ಮಾಡುವ ಜಾಗ ಯಾವುದಾದರೂ ಇದ್ದರೆ ಬರೆಯಿರಿ, ತಪಾಸಣೆ ಮಾಡಿ ಅದನ್ನು ಬಿಡುತ್ತೇವೆ ಎಂದು ಆ ಸಾಲು ಹೇಳುತ್ತಿತ್ತು. ಬಿಜ್ಜರಗಿಗೂ ಕಳ್ಳಕವಟಗಿಗೂ ನಡುವೆ ಒಂದು ಗಾಯರಾಣ ಇತ್ತು, ಊರ ದನ ಕುರಿ ಮೇಯುವ ಹುಲ್ಲುಗಾವಲು. ಸರ್ಕಾರದ ಲೆಕ್ಕದಲ್ಲಿ ಅದು ಬರಡು. ಎರಿಭೂತ ವರ್ಷಕ್ಕೊಂದೇ ತತ್ತಿ ಇಡುತ್ತಿದ್ದುದು ಅಲ್ಲಿ.

ಆ ಜಾಗವನ್ನು ನನಗೆ ತೋರಿಸಿದವನು ಬಿಜ್ಜರಗಿಯ ಒಬ್ಬ ಕುರಿಗಾರ. ಐವತ್ತರ ಆಸುಪಾಸಿನವನು. ನಾನು ಕಾಕಾ ಎನ್ನುತ್ತಿದ್ದೆ, ಅವನು ನನ್ನನ್ನು, ಕಲಿಸುವ ಹೆಂಗಸರನ್ನು ಕರೆಯುವಂತೆ, ಬಾಯಾರ ಎನ್ನುತ್ತಿದ್ದ. ಎರಡು ವರ್ಷದಿಂದ ಭಾನುವಾರಗಳಲ್ಲಿ ಟಿಕೋಟಾ ಮೇಲಿನ ಬಸ್ಸು ಹಿಡಿದು ಹಕ್ಕಿ ನೋಡಲು ಹೋಗುತ್ತಿದ್ದೆ. ಬರೀ ನೆಲದ ಮೇಲೆ, ಗೂಡು ಗೀಡು ಏನೂ ಇಲ್ಲದೆ ಬಿದ್ದ ಆ ಒಂದು ತತ್ತಿಯನ್ನು ಅವನು ದೂರದಿಂದಲೇ ಕೋಲು ಚಾಚಿ ತೋರಿಸಿದ್ದ. ಸುತ್ತ ನಾಲ್ಕು ಕಲ್ಲು ಇಟ್ಟಿದ್ದರು. ಅದು ಭೂತದ ಜಾಗ ಎಂದು ಗುರುತು. ಮರಿ ಎದ್ದು ಹೋಗುವ ತನಕ ಕುರಿಗಳನ್ನು ಆ ಕಲ್ಲಿನ ಆಚೆಯಿಂದಲೇ ತಿರುವುತ್ತಿದ್ದರು. ಭೂತ ಎಂಬ ಹೆಸರಿಗೆ ಹೆದರಿ ಹುಡುಗರೂ ಹತ್ತಿರ ಸುಳಿಯುತ್ತಿರಲಿಲ್ಲ. ಕಾಯ್ದೆ ಹುಟ್ಟುವ ಮೊದಲೇ ಆ ಹೆಸರು ಹಕ್ಕಿಯನ್ನು ಕಾಯುತ್ತ ಬಂದಿತ್ತು.

ನಮೂನೆ ಬಂದ ವಾರ ಹೋಗಿ ಅವನಿಗೆ ಎಲ್ಲ ಹೇಳಿದೆ. ಗಾಯರಾಣ ಉಳಿಯುವ ಆಸೆ ಕಂಡು ಅವನ ಮುಖ ಅರಳಿತು. ಅದು ಹೋದರೆ ಅವನ ಹಿಂಡಿಗೆ ಬೇರೆ ನೆಲ ಇರಲಿಲ್ಲ. ಆದರೆ ತೋಳವೂ ಅದೇ ಪಟ್ಟಿಯಲ್ಲಿದೆ ಎಂದ ಕೂಡಲೇ ಮುಖ ಗಂಟಾಯಿತು.

“ಎರಡಕ್ಕೂ ಒಂದ ಪಟ್ಟಿ ಹೆಂಗ್ರಿ ಬಾಯಾರ? ತ್ವಾಳ ನನ್ನ ಕುರಿ ತಿಂತೈತಿ. ಎರಿಭೂತ ನನ್ನ ಕುರಿ ಮುಂದ ಹುಲ್ಲಿನಾಗಿಂದ ಏಳೋ ಮಿಡಿಚಿ ಹುಳ ತಿಂತೈತಿ. ನಿಮ್ಮ ಸರಕಾರಕ್ಕ ಇಷ್ಟರ ಫರಕ ತಿಳೀಬ್ಯಾಡೇನು?”

“ಎರಡೂ ಕಡಿಮಿ ಆಗ್ಯಾವ ಕಾಕಾ, ಅದಕ್ಕ.”

“ಕಡಿಮಿ ಆಗ್ಯಾವಂತ. ಹೋದ ವಾರ ನಮ್ಮ ಹಟ್ಟಿಗೆ ಬಂದು ಮರಿ ಎತಗೊಂಡ ಹೋಗೇತಿ. ಅದನ್ನ ಬರಕೋರಿ ಮೊದಲ.”

ತೋಳ ನಾಯಿಯ ಕುಟುಂಬದ್ದು ಎಂದೂ ವಿವರಿಸಲು ಹೋದೆ. ಅವನು ಪಕ್ಕದಲ್ಲಿ ಮಲಗಿದ್ದ ತನ್ನ ನಾಯಿಯ ಕಡೆ ನೋಡಿ, “ಮೆಲ್ಲಕ ಮಾತಾಡ್ರಿ, ಅದು ಕೇಳಿದ್ರ ಮನಿ ಬಿಟ್ಟು ಹೋಗತೈತಿ” ಎಂದ.

ನಾನು ನಮೂನೆ ತುಂಬಿ ಕಳಿಸಿದೆ. ಕನ್ನಡ ಹೆಸರಿನ ಜಾಗದಲ್ಲಿ ಎರಿಭೂತ ಎಂದೇ ಬರೆದೆ. ಹದಿನೈದು ದಿನಕ್ಕೆ ಅದು ತಿರುಗಿ ಬಂತು. ಕೆಂಪು ಶಾಯಿಯಲ್ಲಿ ಒಂದು ಷರಾ: ಭೂತ ಪ್ರೇತಗಳ ವಿವರ ಅನಗತ್ಯ, ಪಕ್ಷಿಯ ಹೆಸರನ್ನು ನಮೂದಿಸಿ. ಪಕ್ಕದಲ್ಲಿ ಇನ್ಯಾರೋ ಪೆನ್ಸಿಲ್ಲಿನಲ್ಲಿ ಎರಿ ಎಂಬುದಕ್ಕೆ ಗೆರೆ ಎಳೆದು “ಎರೆಹುಳುವೇ?” ಎಂದು ಬರೆದಿದ್ದರು. ಅದೇ ಸಾಲಿನಲ್ಲಿ ನಾನು ಲ್ಯಾಟಿನ್ ಹೆಸರು ಬರೆದದ್ದನ್ನು ಯಾರೂ ನೋಡಿರಲಿಲ್ಲ. ತೋಳದ ಅಂಕಣಕ್ಕೆ ಮಾತ್ರ ಚೆಂದಾಗಿ ಸರಿ ಗುರುತು ಹಾಕಿದ್ದರು.

ಬಿಸಿಲಲ್ಲಿ ನಡೆದುಕೊಂಡೇ ಕಚೇರಿಗೆ ಹೋದೆ. ಅಧಿಕಾರಿ ಮೈಸೂರಿನ ಕಡೆಯವರು, ಬಂದು ಆರು ತಿಂಗಳಾಗಿತ್ತು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಜಗಳಕ್ಕೆ ಸಿಗುತ್ತಿರಲಿಲ್ಲ.

“ಇದು ಮೇಲಕ್ಕೆ ಹೋಗೋ ಕಾಗದ ಮೇಡಂ” ಎಂದರು. “ಮೇಲೆ ಯಾರಾದ್ರೂ ಭೂತ ಅಂತ ಓದಿದ್ರೆ ನನ್ನ ಬಗ್ಗೆ ಏನಂದ್ಕೋತಾರೆ ಹೇಳಿ.”

“ಎರಿಭೂತ ಅಂದ್ರ ಹಕ್ಕಿ ರೀ. ಎರಿ ಅಂದ್ರ ಕರಿ ಮಣ್ಣಿನ ಹೊಲ.”

“ನಮ್ಮ ಕಡೆ ಎರೆ ಅಂದ್ರೆ ಗಾಳಕ್ಕೆ ಹಾಕೋದು. ಪುಸ್ತಕದಲ್ಲಿ ಒಂದು ಸರಿಯಾದ ಕನ್ನಡ ಹೆಸರು ಇರತ್ತಲ್ಲ, ಅದನ್ನ ಹಾಕಿಬಿಡಿ.”

ಸರಿಯಾದ ಕನ್ನಡ! ನಮ್ಮ ನೆಲದ ಹಕ್ಕಿಗೆ ನಮ್ಮ ಜನ ಇಟ್ಟ ಹೆಸರು ಸರಿಯಾದ ಕನ್ನಡವಲ್ಲ. ದಾರಿಯುದ್ದಕ್ಕೂ ಗೊಣಗುತ್ತಲೇ ಮನೆಗೆ ಬಂದೆ. ಕಾಗದವನ್ನು ಅವ್ವನ ಮುಂದೆ ಒಗೆದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ಸಾಹೇಬ ಹೇಳಿದ್ದರಾಗ ತಪ್ಪೇನೈತಿ ಬೇ? ಎರಡ ವರ್ಷ ಆತು, ಐತವಾರ ಬಂದ್ರ ಭೂತದ ಬೆನ್ನ ಹತ್ತಿ ಹೊಂಟಿ. ಮನಷ್ಯಾರ ಕಡೆ ಯಾವಾಗ ಲಕ್ಷ್ಯ ಕೊಡಾಕಿ?”

ನನ್ನ ಮದುವೆಯ ಮಾತನ್ನು ಅವ್ವ ಎಲ್ಲಿಂದ ಬೇಕಾದರೂ ತೆಗೆಯಬಲ್ಲಳು. ನಾನು ಪುಸ್ತಕ, ನಿಘಂಟು ಎಲ್ಲ ಹರವಿಕೊಂಡು ಕೂತೆ. ಹೆಬ್ಬಕ ಎಂಬ ಹೆಸರು ಸಿಕ್ಕಿತು. ಬಕ ಎಂದರೆ ಕೊಕ್ಕರೆ, ಹೆಬ್ಬಕ ಎಂದರೆ ದೊಡ್ಡ ಕೊಕ್ಕರೆ. ಹಕ್ಕಿ ಕೊಕ್ಕರೆಯಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಶಬ್ದ ಗಂಭೀರವಾಗಿತ್ತು, ಕಚೇರಿಯವರ ಬಾಯಿ ಮುಚ್ಚಿಸುವಂತಿತ್ತು. ತಗೋ ನಿನ್ನ ಸರಿಯಾದ ಕನ್ನಡ ಎಂದುಕೊಂಡು ಹೊಸ ಹಾಳೆಯಲ್ಲಿ ದುಂಡಾದ ಅಕ್ಷರದಲ್ಲಿ ಬರೆದೆ. ಖರೆ ಹೇಳಬೇಕೆಂದರೆ, ಬರೆದ ಮೇಲೆ ಅದನ್ನು ಎರಡು ಸಲ ಓದಿ ಖುಷಿಪಟ್ಟೆ.

ಈ ಸಲ ಕಾಗದ ತಿರುಗಿ ಬರಲಿಲ್ಲ. ತಪಾಸಣೆಗೆ ಬರುತ್ತೇವೆ ಎಂದು ಸುದ್ದಿ ಬಂತು. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು, ಬಿಜ್ಜರಗಿಗೆ ಹೋಗಲು ಬಿಡುವಿರಲಿಲ್ಲ. ಹೇಗೂ ತಪಾಸಣೆಯ ದಿನ ನಾನೇ ಜೊತೆಗಿರುತ್ತೇನಲ್ಲ ಎಂಬ ಧೈರ್ಯ. ಒಂದೇ ಒಂದು ಹೆದರಿಕೆ ಇತ್ತು. ಕುರಿಗಾರ ಆ ಅಧಿಕಾರಿಯ ಮುಂದೆ ಭೂತ ಭೂತ ಎಂದು ಶುರು ಮಾಡಿದರೆ ಅವರು ನಕ್ಕು ಎದ್ದುಬಿಟ್ಟಾರು. ಅದಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಿ, ಬಿಜ್ಜರಗಿಯ ಮೇಲೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದೆ. “ಸಾಹೇಬ್ರು ಬರ್ತಾರ, ಅವರ ಮುಂದ ಭೂತದ ಸುದ್ದಿ ತೆಗೀಬ್ಯಾಡಂತ ಬಾಯಾರ ಹೇಳ್ಯಾರ ಅಂತ ಕುರಿ ಕಾಕಾಗ ಹೇಳ್ರಿ” ಎಂದೆ. ಅವನು ಚೀಲ ಸರಿಮಾಡಿಕೊಳ್ಳುತ್ತ ಆಯಿತು ಎಂದ. ಹೊಸ ಹೆಸರು ಏನೆಂದು ಹೇಳಿ ಕಳಿಸುವುದು ನನಗೆ ಹೊಳೆಯಲೇ ಇಲ್ಲ.

ತಪಾಸಣೆ ಮಂಗಳವಾರ, ತಂಡ ಬಬಲೇಶ್ವರದ ಪ್ರವಾಸಿ ಬಂಗಲೆಯಿಂದ ಹೊರಡುತ್ತದೆ, ಅಲ್ಲಿಗೆ ಬನ್ನಿ ಎಂದು ಚೀಟಿ ಬಂದಿತ್ತು. ಕಾಲೇಜಿಗೆ ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಬಂಗಲೆಯ ಕಟ್ಟೆಯ ಮೇಲೆ ಕೂತೆ. ಹತ್ತು ಆಯಿತು, ಹನ್ನೆರಡು ಆಯಿತು. ಅವ್ವ ಕಟ್ಟಿಕೊಟ್ಟ ರೊಟ್ಟಿ ತಿಂದೆ. ಬೆಳಿಗ್ಗೆ ನನ್ನನ್ನು ನೋಡಿ ಒಳಗೆ ಹೋಗಿ ಮಲಗಿದ್ದ ಕಾವಲುಗಾರ ಒಂದು ಗಂಟೆಗೆ ಎದ್ದು ಬಂದು, ಯಾರಿಗೆ ಕಾಯುತ್ತೀರಿ ಎಂದು ಕೇಳಿದ. ಹೇಳಿದೆ.

“ಜೀಪ್ ನಿನ್ನಿ ರಾತ್ರಿನ ಬಂದಿತ್ರಿ” ಎಂದ. “ಮುಂಜಾನೆ ಬೆಳಕ ಹರಿಯೂದಕ್ಕ ಟಿಕೋಟಾ ಕಡೆ ಹೋತು. ಬಿಸಲ ಏರೂದ್ರಾಗ ಮುಗಸಬೇಕಂತ ಅಂದ್ರು.”

ಬೆಳಗಿನಿಂದ ಕೂತವಳನ್ನು ನೋಡಿಯೂ ಈ ಮಾತನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದರೆ, “ನೀವು ಕೇಳಲಿಲ್ಲಲ್ರಿ” ಎಂದ. ಅಲ್ಲಿಂದ ಟಿಕೋಟಾಕ್ಕೆ ನೇರ ಬಸ್ಸಿಲ್ಲ. ವಿಜಾಪುರಕ್ಕೆ ತಿರುಗಿ ಬಂದು, ಮತ್ತೊಂದು ಬಸ್ಸು ಹಿಡಿದೆ. ನಮ್ಮ ಬಸ್ಸು ಟಿಕೋಟಾ ಮುಟ್ಟುವ ಮೊದಲೇ ಎದುರಿನಿಂದ ಆ ಜೀಪು ಧೂಳೆಬ್ಬಿಸಿಕೊಂಡು ಬಂದು ನಮ್ಮನ್ನು ದಾಟಿ ಹೋಯಿತು. ಕಿಟಕಿಯಿಂದ ಕೈ ಬೀಸಿದೆ. ಒಳಗಿದ್ದ ಅಧಿಕಾರಿ ನಗುತ್ತ ತಾವೂ ಕೈ ಬೀಸಿದರು.

ಮರುದಿನ ಕಚೇರಿಯಲ್ಲಿ ತಪಾಸಣೆಯ ಹಾಳೆ ತೋರಿಸಿದರು. ಎರಡು ಅಂಕಣ. ತೋಳ: ಇದೆ, ಕುರಿಗಾರರು ಒಮ್ಮತದಿಂದ ಹೇಳಿದ್ದಾರೆ. ಹೆಬ್ಬಕ: ಇಲ್ಲ, ಎಂದೂ ಇರಲಿಲ್ಲವೆಂದು ಸ್ಥಳೀಯರ ಹೇಳಿಕೆ. ಕೆಳಗೆ ಹೇಳಿಕೆ ಕೊಟ್ಟವನ ಹೆಸರು, ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು. ಅದು ನನ್ನ ಕುರಿಗಾರ ಕಾಕಾನ ಹೆಸರು.

ಎರಿಭೂತ, ಹೆಬ್ಬಕ ಎರಡೂ ಒಂದೇ ಹಕ್ಕಿ, ಮತ್ತೊಮ್ಮೆ ಹೋಗೋಣ ನಡೆಯಿರಿ ಎಂದೆ.

“ನೀವೇ ಹೆಬ್ಬಕ ಅಂತ ಬರೆದುಕೊಟ್ರಿ, ನಾನು ಹೆಬ್ಬಕ ಅಂತಲೇ ಕೇಳಿದೆ” ಎಂದರು ಅಧಿಕಾರಿ. ಅವರ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ, ನಿಜವಾಗಿಯೂ ಪೇಚಾಡುತ್ತಿದ್ದರು. “ಹೇಳಿಕೆ ಆಗಿಹೋಗಿದೆ ಮೇಡಂ. ಒಂದು ಅರ್ಜಿ ಕೊಡಿ, ಮೇಲೆ ಕಳಿಸ್ತೀನಿ.”

ಅರ್ಜಿ ಕೊಟ್ಟೆ. ಅದು ಮೇಲೆ ಹೋಯಿತು. ಕೆಳಗೆ ಬರಲಿಲ್ಲ. ಮತ್ತೊಂದು ಕೊಟ್ಟೆ, ಅದಕ್ಕೆ ಮೊದಲ ಅರ್ಜಿಯನ್ನು ನೋಡಿ ಎಂದು ಉತ್ತರ ಬಂತು.

ಆ ಭಾನುವಾರ ಬಿಜ್ಜರಗಿಗೆ ಹೋದಾಗ ಕುರಿಗಾರ ಬಹಳ ಉಮೇದಿನಲ್ಲಿದ್ದ. ಕಂಬಳಿ ಹಾಸಿ ಕೂರಿಸಿದ. ಕೆಲಸ ಗೆದ್ದೆವು ಎಂದೇ ಅವನ ಎಣಿಕೆ.

“ಸಾಹೇಬ್ರು ಭಾಳ ಚಲೋ ಮನಷ್ಯಾ ಬಿಡ್ರಿ. ತ್ವಾಳದ ಸುದ್ದಿ ಎಲ್ಲಾ ಕೇಳಿ ಬರಕೊಂಡ್ರು. ಆಮ್ಯಾಲ ಅದ್ಯಾವದೋ ಹೆಬ್ಬಕ ಐತೇನು ಅಂದ್ರು. ಹಂಗಂದ್ರ ಏನ್ರಿ ಅಂದೆ. ಬಕ, ಕೊಕ್ಕರೆ ಜಾತಿ, ದೊಡ್ಡದು ಅಂದ್ರು. ನಮ್ಮಲ್ಲಿ ಕುಡ್ಯಾಕ ನೀರಿಲ್ರಿ ಸಾಹೇಬ್ರ, ಕೊಕ್ಕರಿ ಎಲ್ಲಿಂದ ಬರಬೇಕು ಅಂದೆ. ಖರೆ ಹೇಳಿದಿ ಅಂತ ಹೆಬ್ಬಟ್ಟ ಹಾಕಿಸಿಕೊಂಡ್ರು.”

“ಎರಿಭೂತದ ಮಾತು ಎತ್ತಲಿಲ್ಲೇನು ಕಾಕಾ?”

“ಹೆಂಗ ಎತ್ತಲಿ? ಭೂತದ ಸುದ್ದಿ ತೆಗೀಬ್ಯಾಡ ಅಂತ ನೀವ ಹೇಳಿ ಕಳಿಸಿದ್ರಲ್ಲ. ಬಾಯಿತನಕ ಬಂದಿತ್ತು, ನುಂಗಿದ್ನಿ.”

ಅವನಿಗೆ ಹೇಳದೆ ಎದ್ದು ಬಂದುಬಿಡೋಣ ಎನಿಸಿತು, ಸುಳ್ಳೇಕೆ. ಆದರೆ ಅವನು ಅಲ್ಲೇ ಎದುರಿಗೆ ಕೂತು, ಮುಂದೇನು ಎಂದು ನನ್ನ ಮುಖ ನೋಡುತ್ತಿದ್ದ. ಹೇಳಿದೆ. ಹೆಬ್ಬಕ ಎಂದರೆ ನಿನ್ನ ಎರಿಭೂತವೇ, ಹೆಸರು ಬದಲಿಸಿದವಳು ನಾನೇ, ನಿನಗೆ ತಿಳಿಸದೆ ಬಿಟ್ಟವಳೂ ನಾನೇ ಎಂದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ತನ್ನ ಎಡಗೈ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡ. ಶಾಯಿಯ ಕಲೆ ಇನ್ನೂ ಉಗುರಿನ ಸಂದಿಯಲ್ಲಿತ್ತು.

“ಅಂದ್ರ ಅದರ ಮುಂದ ನಿಂತು, ಅದು ಇಲ್ಲ ಅಂತ ನಾನ ಹೇಳಿಬಿಟ್ನಿ” ಎಂದ. “ಅವತ್ತ ಮುಂಜಾನಿ ಕಲ್ಲಿನ ಆ ಕಡೆ ನಿಂತಿತ್ರಿ ಅದು. ಸಾಹೇಬ್ರ ಜೀಪಿನ ಸಪ್ಪಳಕ್ಕ ಕುಂತಿತು.”

ಮಳೆಗಾಲದ ಮುಂಚೆ ಗಾಯರಾಣದಲ್ಲಿ ಗುಂಡಿ ತೋಡಿದರು, ಸಾಲು ಸಾಲಾಗಿ ನೀಲಗಿರಿ ಇಟ್ಟರು. ಆ ನಾಲ್ಕು ಕಲ್ಲುಗಳನ್ನು ಗುಂಡಿಯ ಬದಿಗೆ ಒಗೆದಿದ್ದರು. ಕುರಿಗಾರ ಅರ್ಧ ಹಿಂಡನ್ನು ಮಾರಿ, ಉಳಿದವನ್ನು ಬೇರೆಯವರ ಹೊಲದ ಬದುಗಳಲ್ಲಿ ಮೇಯಿಸತೊಡಗಿದ. ನಾನು ಭಾನುವಾರದ ಬಸ್ಸು ಬಿಟ್ಟೆ. ಹೋಗಲು ಮುಖ ಇರಲಿಲ್ಲ. ಅವ್ವ ಒಂದೆರಡು ವಾರ ಯಾಕೆ ಎಂದು ಕೇಳಿದಳು, ಆಮೇಲೆ ಅವಳೂ ಬಿಟ್ಟಳು.

ಎರಡು ವರ್ಷದ ನಂತರ ಟಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಅವನೇ ನನ್ನ ಗುರುತು ಹಿಡಿದ. ನಾನು ಒಂದು ಶಾಲೆಗೆ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ. ಮುದುಕನಾಗಿದ್ದ. ಅವ್ವನ ಆರೋಗ್ಯ ಕೇಳಿದ, ಮದುವೆ ಆಯಿತೇ ಎಂದು ಕೇಳಿದ, ಇಲ್ಲ ಎಂದದ್ದಕ್ಕೆ ತಲೆಯಾಡಿಸಿದ. ತೋಳದ ಕಥೆ ಏನು ಕಾಕಾ ಎಂದು ನಾನೇ ಕೇಳಿದೆ. ಇನ್ನೊಂದನ್ನು ಕೇಳುವ ಧೈರ್ಯ ಇರಲಿಲ್ಲ.

“ತ್ವಾಳ ಐತ್ರಿ. ಗಿಡದಾಗ ಅಡಗಿಕೊಳ್ಳಾಕ ಅದಕ್ಕ ಈಗ ಇನ್ನೂ ಚಲೋ ಆಗೇತಿ.” ನಾನು ಕೇಳದೆ ಬಿಟ್ಟದ್ದನ್ನೂ ಅವನೇ ಹೇಳಿದ. “ಅದು ಹೋದ ವರ್ಷ ಒಮ್ಮಿ ಬಂದಿತ್ತು. ಗಿಡದ ಸಾಲಿನಾಗ ಆ ಕಡೆ ಈ ಕಡೆ ತಿರಗ್ಯಾಡಿ ನೋಡ್ತು, ಹೋತು. ಈ ವರ್ಷ ಬರಲಿಲ್ಲ.”

ವಿಜಾಪುರದ ಬಸ್ಸು ಬಂದು ನಿಂತಿತು. ಜನ ನುಗ್ಗತೊಡಗಿದರು. ಅವನು ನನ್ನ ಚೀಲ ಎತ್ತಿ ಕೈಗೆ ಕೊಟ್ಟ.

“ಸರಕಾರದ ಕಾಗದದ ಮ್ಯಾಲ ಸುಳ್ಳ ಹೇಳಿದ್ನಲ್ಲಾ ಅಂತ ಭಾಳ ದಿನ ನಿದ್ದಿ ಇದ್ದಿದ್ದಿಲ್ರಿ ಬಾಯಾರ” ಎಂದ. “ಈಗ ಆ ಚಿಂತಿ ಇಲ್ಲ. ನಾ ಹೇಳಿದ್ದು ಖರೇನ ಆತು.”